ಮೂರನೇ ಜ್ವರಕ್ಕೆ ಕೂತವಳು

ಚಳಿ ಶುರುವಾಯಿತಲ್ಲ, ಹಳೆಯ ಶಾಲೊಂದು ಇರಬೇಕು ಎಂದು ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಶಾಲು ಸಿಗಲಿಲ್ಲ. ಟ್ರಂಕಿನ ತಳಕ್ಕೆ ಹಾಸಿದ್ದ ಕ್ಯಾಲೆಂಡರಿನ ಹಾಳೆಯೊಂದು ಸಿಕ್ಕಿತು. ಮುಂದುಗಡೆ ಲಕ್ಷ್ಮಿ, ಹಿಂದುಗಡೆ ನನ್ನ ಪಿಎಚ್.ಡಿ. ಲಕ್ಷ್ಮಿಯ ಬಣ್ಣ ಮಾಸಿದೆ. ಹಿಂದಿನ ಬರಹ ಮಾತ್ರ ನಿನ್ನೆ ಬರೆದ ಹಾಗಿದೆ. ಶಾಲು, ಚಳಿ ಎರಡನ್ನೂ ಮರೆತು ಅಲ್ಲೇ ನೆಲದ ಮೇಲೆ ಕೂತೆ.

ಆ ಹಾಳೆ ನಮ್ಮಪ್ಪನ ಕೈಬರಹ. ಅಪ್ಪ ಚಿಂತಾಮಣಿಯಿಂದ ಗೌರಿಬಿದನೂರಿಗೆ ಓಡುತ್ತಿದ್ದ ಖಾಸಗಿ ಬಸ್ಸೊಂದರ ಕಂಡಕ್ಟರಾಗಿದ್ದರು. ಅವರ ಮಟ್ಟಿಗೆ ಪ್ರಪಂಚದಲ್ಲಿ ಎಲ್ಲಕ್ಕೂ ಸ್ಟೇಜುಗಳಿದ್ದವು. ಟಿಕೆಟ್ಟಿಗೆ ಸ್ಟೇಜು, ಮದುವೆಗೆ ಸ್ಟೇಜು, ಕಾಯಿಲೆಗೆ ಸ್ಟೇಜು. ನಾನು ಎಂಬತ್ತರ ದಶಕದ ಕೊನೆಯಲ್ಲಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿಕೊಂಡು ಬಂದ ದಿನ ಅವರು ಕೇಳಿದ ಮೊದಲ ಪ್ರಶ್ನೆಯೇ, "ಎಷ್ಟು ಸ್ಟೇಜಮ್ಮ?" ಎಂಬುದು.

ನಾನು ಹೇಳುತ್ತಾ ಹೋದೆ, ಅವರು ಗೋಡೆಯ ಮೇಲಿಂದ ಹಳೆಯ ಕ್ಯಾಲೆಂಡರು ಕಿತ್ತು ಬರೆಯುತ್ತಾ ಹೋದರು. ಚಿಂತಾಮಣಿ: ನೋಂದಣಿ. ಶಿಡ್ಲಘಟ್ಟ: ಪುಸ್ತಕ ಓದುವುದು. ಚಿಕ್ಕಬಳ್ಳಾಪುರ: ಊರೂರು ಸುತ್ತಿ ಸಾಮಗ್ರಿ ತರುವುದು. ಮಂಚೇನಹಳ್ಳಿ: ಬರೆಯುವುದು. ಗೌರಿಬಿದನೂರು: ಡಾಕ್ಟರು. ಒಂದೊಂದರ ಮುಂದೆಯೂ ಬಂದು ಸೇರುವ ತಿಂಗಳು, ಹೊರಡುವ ತಿಂಗಳು. ಒಟ್ಟು ಮೂರು ವರ್ಷ. ಕೊನೆಯಲ್ಲಿ ಎರಡು ಖಾನೆ ಖಾಲಿ ಬಿಟ್ಟರು. ಒಂದರ ತಲೆಯ ಮೇಲೆ 'ತಡ', ಇನ್ನೊಂದರ ಮೇಲೆ 'ಕಾರಣ'. ಅವರ ಟ್ರಿಪ್ ಶೀಟಿನಲ್ಲಿ ಆ ಖಾನೆಗಳಿದ್ದವು. ಬಸ್ಸು ತಡವಾದರೆ ರೈಲ್ವೆ ಗೇಟು, ಪಂಕ್ಚರು, ಕುರಿಮಂದೆ ಎಂದು ಏನಾದರೊಂದು ಕಾರಣ ಬರೆಯಲೇಬೇಕು. ಸುಳ್ಳು ಕಾರಣ ಬರೆದವರಲ್ಲ ನಮ್ಮಪ್ಪ. ಒಂದು ಸಲ 'ಡ್ರೈವರು ಬೋಂಡಾ ತಿನ್ನುತ್ತಿದ್ದರು' ಎಂದೇ ಬರೆದು ಮಾಲೀಕರಿಂದ ಬೈಸಿಕೊಂಡಿದ್ದರು.

"ನಿನ್ನ ಬಸ್ಸಿಗೆ ಈ ಖಾನೆ ಬೇಕಾಗಲ್ಲ ಬಿಡಮ್ಮ. ಆದ್ರೂ ಇರ್ಲಿ" ಎಂದರು.

ಮೂಲೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ನರಸಮ್ಮತ್ತೆ ನಕ್ಕರು. ಅಪ್ಪನ ಅಕ್ಕ ಅವರು. ದಿಬ್ಬೂರಹಳ್ಳಿಯಿಂದ ಒಂದೂವರೆ ಮೈಲಿ ಒಳಗಿದ್ದ ಆ ಮನೆ, ತೋಟ, ರೇಷ್ಮೆ ಹುಳು ಎಲ್ಲವೂ ಅವರದೇ ಆಡಳಿತ. ಅಪ್ಪ ವಾರದಲ್ಲಿ ಎರಡು ದಿನ ಮನೆಗೆ ಬರುವ ಅತಿಥಿ. ಅಮ್ಮ ನಾನು ಹಾಲು ಬಿಡುವ ಮೊದಲೇ ಹೋದವರು; ನನ್ನನ್ನು ಬೆಳೆಸಿದ್ದು ಅತ್ತೆ.

"ಲೋ ನಾರಾಯಣ, ಅದೇನು ಬಸ್ಸಾ, ಗಂಟೆ ಹೊಡೆದ್ರೆ ಹೊರಡೋಕೆ?" ಎಂದರು ಅತ್ತೆ. "ಹುಳ ಕಣೋ ಅದು. ಮೊಟ್ಟೆ ಒಡೀಬೇಕು, ನಾಲ್ಕು ಜ್ವರ ಏಳಬೇಕು, ಹಣ್ಣಾಗಬೇಕು, ಆಮೇಲೆ ಗೂಡು. ನಿನ್ನ ಟೈಮಿಗೆ ಅದು ಗೂಡು ಕಟ್ಟಲ್ಲ."

ನಮ್ಮ ಕಡೆಯವರಲ್ಲದವರಿಗೆ ಈ ಜ್ವರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಚರ್ಮ ಕಳಚುತ್ತದೆ. ಪ್ರತಿ ಸಲವೂ ಸುಮಾರು ಒಂದು ದಿನ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ 'ಜ್ವರಕ್ಕೆ ಕೂರುವುದು' ಎನ್ನುತ್ತಾರೆ. ಆಗ ಸೊಪ್ಪು ಹಾಕುವ ಹಾಗಿಲ್ಲ, ತಟ್ಟೆ ಅಲ್ಲಾಡಿಸುವ ಹಾಗಿಲ್ಲ. ಎಲ್ಲವೂ ಎದ್ದ ಮೇಲೆಯೇ ಮತ್ತೆ ಮೇವು. ಚಿಕ್ಕಂದಿನಲ್ಲಿ ನಾನು ಶಾಲೆಗೆ ಚಕ್ಕರ್ ಹೊಡೆದು ಮರುದಿನ "ಮನೇಲಿ ಜ್ವರ ಸಾರ್" ಎಂದರೆ ಮೇಷ್ಟ್ರು ಮುಖ ಕೂಡ ಎತ್ತದೆ "ಎಷ್ಟನೇದು?" ಎಂದು ಕೇಳುತ್ತಿದ್ದರು. "ಎರಡನೇದು" ಎಂದರೆ ಬೆತ್ತ ತೆಗೆಯುತ್ತಿದ್ದರು. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಬೇಡ ಎಂದಮೇಲೆ ಸೊಪ್ಪು ಕೊಯ್ಯಲು ಹುಡುಗಿಯೂ ಬೇಡ ಎಂಬುದು ಅವರಿಗೆ ಗೊತ್ತಿತ್ತು. ಅವರ ಮನೆಯಲ್ಲೂ ಹುಳುವಿದ್ದವು.

ಹೀಗೆ ನನ್ನ ಡಾಕ್ಟರೇಟಿಗೆ ಒಂದೇ ಮನೆಯಲ್ಲಿ ಎರಡು ಯೋಜನೆಗಳಾದವು. ಅಪ್ಪ ಬಂದರೆ "ಎಲ್ಲಿಗೆ ಬಂತಮ್ಮ ಬಸ್ಸು?" ಎನ್ನುವರು. ಅತ್ತೆಯನ್ನು ಅಕ್ಕಪಕ್ಕದವರು ಕೇಳಿದರೆ "ಈಗ ಎರಡು ಜ್ವರ ಎದ್ದವ್ಳೆ" ಎನ್ನುವರು. ಊರಿನಲ್ಲಿ ಅಷ್ಟು ಹೊತ್ತಿಗೆ 'ನರಸಮ್ಮನ ಹುಡುಗಿ ಪುಸ್ತಕ ಕಟ್ತಾ ಅವ್ಳೆ' ಎಂಬುದು ಹಬ್ಬಿಯಾಗಿತ್ತು. ತಾವು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು ಹುಳುವಿನ ತಟ್ಟೆಗಳ ಮುಂದೆ ಕೂರಬೇಕಾಗಿದ್ದ ಅತ್ತೆಗೆ, ಮನೆಯಲ್ಲೇ ಒಂದು ಪುಸ್ತಕ ಹುಟ್ಟುವುದೆಂದರೆ ಅದು ನನ್ನ ಆಸೆಗಿಂತ ದೊಡ್ಡ ಆಸೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟ.

ನನ್ನ ವಿಷಯ ನಮ್ಮ ಗಡಿಯ ಊರುಗಳ ಒಗಟುಗಳು. ಒಗಟು ಎಂದರೆ ಸುಲಭ, ಹೋಗಿ ಕೇಳಿದರೆ ಹೇಳುತ್ತಾರೆ, ಬರೆದುಕೊಂಡು ಬಂದರಾಯಿತು ಎಂದುಕೊಂಡಿದ್ದೆ. ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿಗೆ ಪುಸ್ತಕ, ಪೆನ್ನು ಹಿಡಿದು ಹೋದರೆ ಹೆಂಗಸರೆಲ್ಲ ಒಳಗೆ ಹೋಗಿ ಕದ ಹಾಕಿಕೊಂಡರು. ನನ್ನನ್ನು ಸಂತಾನಹರಣದ ಆಪರೇಷನ್ನಿಗೆ ಹೆಸರು ಬರೆದುಕೊಳ್ಳುವವಳು ಅಂದುಕೊಂಡಿದ್ದರಂತೆ. ಮಂಚೇನಹಳ್ಳಿಯಲ್ಲಿ ಗಂಗುಲಮ್ಮ ಎಂಬ ಅಜ್ಜಿಯ ಹತ್ತಿರ ಒಗಟಿನ ಗಂಟೇ ಇತ್ತು. ಆದರೆ ಅಜ್ಜಿಯದೊಂದು ಕಾನೂನು. ಒಂದನ್ನು ಒಡೆದರೆ ಮಾತ್ರ ಇನ್ನೊಂದು.

"ಕಾಲಿಲ್ಲ, ಊರೂರು ತಿರುಗ್ತದೆ. ನೋರು ಲೇದು, ಮಾಟ್ಲಾಡುತುಂದಿ. ಚೆಪ್ಪು ಚೂದ್ದಾಂ" ಎಂದರು ಅಜ್ಜಿ. ಕಾಲಿಲ್ಲದೆ ತಿರುಗುತ್ತದೆ, ಬಾಯಿಲ್ಲದೆ ಮಾತಾಡುತ್ತದೆ; ಹೇಳು ನೋಡೋಣ ಎಂದು. ಅರ್ಧ ಕನ್ನಡ, ಅರ್ಧ ತೆಲುಗು. ನಾನು ಗಾಳಿ ಅಂದೆ, ರೇಡಿಯೋ ಅಂದೆ, ಮೋಡ ಅಂದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ಎರಡು ಬಸ್ಸು ಹೋದವು. ಎರಡನೆಯದು ಅಪ್ಪನದೇ. ಕಿಟಕಿಯಿಂದ ತಲೆ ಹಾಕಿ ನನ್ನನ್ನು ನೋಡಿದರು, ಸೀಟಿ ಊದಿ ಹೊರಟೇಹೋದರು. ಮಗಳಿಗೋಸ್ಕರ ಬಸ್ಸು ನಿಲ್ಲಿಸಿದರೆ ಕಾರಣದ ಖಾನೆಯಲ್ಲಿ ಏನೆಂದು ಬರೆಯುವುದು?

"ಕಾಗದ ಕಣೇ ದಡ್ಡಿ" ಎಂದರು ಅಜ್ಜಿ ಕೊನೆಗೆ ಕನಿಕರದಿಂದ. "ಎಂ.ಎ. ಓದಿದೀನಿ ಅಂದ್ಯಲ್ಲ, ಅದ್ರಾಗೆ ಇದನ್ನ ಹೇಳ್ಕೊಡಲ್ವಾ?" ನನ್ನ ಕೈಚೀಲದಲ್ಲಿ ಆ ಹೊತ್ತಿಗೂ ಗುರುಗಳು ಬರೆದ ಕಾಗದವೊಂದಿತ್ತು.

ಗುರುಗಳೆಂದರೆ ನನ್ನ ಮಾರ್ಗದರ್ಶಕರು. ಧಾರವಾಡದ ಕಡೆಯವರು, ಬೆಂಗಳೂರಿನಲ್ಲಿ ಪ್ರಾಧ್ಯಾಪಕರು. ಬೈಯುವುದು ಬಲು ಕಡಿಮೆ. ಆದರೆ ಅವರ ಮೌನ ನನಗೆ ಬೈಗುಳಕ್ಕಿಂತ ಜಾಸ್ತಿ ತಾಗುತ್ತಿತ್ತು. ಮೊದಲೆರಡು ಅಧ್ಯಾಯಗಳನ್ನು ಒಪ್ಪಿದ್ದರು. ಮೂರನೆಯದು ಒಗಟುಗಳ ವರ್ಗೀಕರಣ. ಅಲ್ಲಿ ನಿಂತಿತು ಗಾಡಿ.

ನಾನು ಎರಡು ಚಪ್ಪಲಿ ಡಬ್ಬಿ ಇಟ್ಟುಕೊಂಡಿದ್ದೆ. ಒಂದು ಕನ್ನಡದ್ದು, ಒಂದು ತೆಲುಗಿನದು. ಒಂದೊಂದು ಒಗಟಿಗೆ ಒಂದೊಂದು ಚೀಟಿ. ಶುದ್ಧ ಕನ್ನಡದ್ದು ಈ ಡಬ್ಬಿಗೆ, ಶುದ್ಧ ತೆಲುಗು ಆ ಡಬ್ಬಿಗೆ ಹೋದವು. ಗಂಗುಲಮ್ಮನ ಕಾಗದ ಯಾವ ಡಬ್ಬಿಗೆ? ನಮ್ಮ ಸೀಮೆಯ ಜನವೇ ಹಾಗೆ. ಅನ್ನಕ್ಕೆ ಕೂರುವಾಗ ಕನ್ನಡ, ಕೈ ತೊಳೆಯುವಾಗ ತೆಲುಗು. ಬೆಳಿಗ್ಗೆ ಈ ಡಬ್ಬಿಗೆ ಹಾಕಿದ ಚೀಟಿ ಸಂಜೆ ಆ ಡಬ್ಬಿಗೆ ಹೋಗುತ್ತಿತ್ತು. ಒಂದು ದಿನ ಸಿಟ್ಟಿಗೆದ್ದು ಒಂದು ಚೀಟಿಯನ್ನು ಕತ್ತರಿಯಿಂದ ಎರಡು ಮಾಡಿ ಎರಡು ಡಬ್ಬಿಗೂ ಹಾಕಿದೆ. ಆಮೇಲೆ ಅದರ ಅರ್ಧಗಳನ್ನು ಹುಡುಕುವುದೇ ಒಂದು ವಾರದ ಸಂಶೋಧನೆಯಾಯಿತು.

ಹೀಗೆ ಎಂಟು ತಿಂಗಳು. ಶಿಡ್ಲಘಟ್ಟದ ಕಾಲೇಜಿನಲ್ಲಿ ತಾತ್ಕಾಲಿಕ ಪಾಠ ಮುಗಿಸಿ ಬಂದು ಡಬ್ಬಿಗಳ ಮುಂದೆ ಕೂರುತ್ತಿದ್ದೆ. ಸುಮ್ಮನೆ ಕೂರುತ್ತಿದ್ದೆ ಅಷ್ಟೆ. ಅಪ್ಪನ ಮೂರು ವರ್ಷ ಎಂದೋ ದಾಟಿಹೋಗಿತ್ತು. ವಿಶ್ವವಿದ್ಯಾಲಯ ಕೊಟ್ಟ ಐದು ವರ್ಷವೂ ಮುಗಿಯುತ್ತಾ ಬಂದಿತ್ತು. ಗುರುಗಳಿಂದ ಕಾಗದ ಬಂತು: ಮೂರನೇ ಅಧ್ಯಾಯ ಎಲ್ಲಿ? ಇನ್ನೊಂದು ಬಂತು: ಮಾರ್ಚಿ ಮುಗಿಯುವುದರೊಳಗೆ ಗಡುವು ವಿಸ್ತರಣೆಗೆ ಅರ್ಜಿ ಹೋಗದಿದ್ದರೆ ನೋಂದಣಿ ರದ್ದಾಗುತ್ತದೆ. ನಾನು ಎರಡನ್ನೂ ಸೊಪ್ಪಿನ ಬುಟ್ಟಿಯ ಕೆಳಗೆ ಇಟ್ಟೆ. ಉತ್ತರ ಬರೆಯಲು ಧೈರ್ಯವಿರಲಿಲ್ಲ. ಪುಸ್ತಕ ಬರೆಯಲಾರೆ ಎಂದು ಗುರುಗಳಿಗೆ ಹೇಳಬಹುದಿತ್ತೇನೋ, ಅತ್ತೆಗೆ ಹೇಗೆ ಹೇಳುವುದು? ಊಟ ಸೇರುತ್ತಿರಲಿಲ್ಲ. ಅತ್ತೆ ಏನೂ ಕೇಳಲಿಲ್ಲ. ಬುಟ್ಟಿ ಎತ್ತುವವರು ಅವರೇ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬರುತ್ತಿದ್ದೆ. ಸೊಪ್ಪು ಮುಖದ ತನಕ ಇಳಿಬಿದ್ದಿತ್ತು. ಎದುರಿಗೆ ಯಾರದೋ ಕಾಲು ಕಂಡವು. ಧೂಳು ಮೆತ್ತಿದ ಬೂಟು, ಬಿಳಿ ಪಂಚೆ.

"ಯವ್ವಾ, ಇಲ್ಲಿ ಸರೋಜಾ ಅನ್ನೋ ಹುಡುಗಿ ಮನಿ ಯಾವುದು? ಆಕಿಗಿ ಭಾಳ ಜ್ವರ ಅಂತ" ಎಂದಿತು ಕಾಲು.

ಆ ದನಿಗೆ ನನ್ನ ಹೊರೆ ಜಾರಿತು. ಗುರುಗಳು. ಒಂದು ಕೈಯಲ್ಲಿ ಮೂಸಂಬಿ, ಇನ್ನೊಂದರಲ್ಲಿ ಬ್ರೆಡ್ಡು, ಕಂಕುಳಲ್ಲಿ ಫೈಲು.

"ನಾನೇ ಸಾರ್" ಎಂದೆ.

ಗುರುಗಳು ನನ್ನನ್ನು ನೋಡಿದರು, ಹೊರೆ ನೋಡಿದರು. ಜೇಬಿನಿಂದ ಒಂದು ಕಾರ್ಡು ತೆಗೆದು ಕೊಟ್ಟರು. "ಮತ್ತ ಇದೇನವಾ?"

ಕಾರ್ಡು ನಮ್ಮೂರ ಪೋಸ್ಟ್ ಮಾಸ್ಟರ ಗುಂಡನೆಯ ಅಕ್ಷರದಲ್ಲಿತ್ತು. ಹೀಗೆ:

'ಗುರುಗಳ ಪಾದಕ್ಕೆ ನರಸಮ್ಮ ಮಾಡುವ ನಮಸ್ಕಾರ. ನಮ್ಮ ಸರೋಜ ಮೂರನೇ ಜ್ವರಕ್ಕೆ ಕೂತಿದ್ದಾಳೆ. ತಲೆ ಎತ್ತಿಕೊಂಡು ಕೂತವಳು ಅಲುಗಾಡುತ್ತಿಲ್ಲ. ಈ ಹೊತ್ತಿನಲ್ಲಿ ಮೇವು ಹಾಕಬಾರದು, ಮುಟ್ಟಲೂಬಾರದು. ದಯಮಾಡಿ ತಾವು ಇನ್ನು ಕಾಗದ ಹಾಕಬೇಡಿ. ಎದ್ದರೆ ತಾನೇ ತಿನ್ನುತ್ತಾಳೆ. ಏಳದಿದ್ದರೆ ನಮ್ಮ ಹಣೆಬರಹ.'

ಬುಟ್ಟಿಯ ಕೆಳಗಿನ ಕಾಗದಗಳನ್ನು ಓದಿಸಿಕೊಂಡು ಅತ್ತೆ ಹೇಳಿದ್ದನ್ನು ಪೋಸ್ಟ್ ಮಾಸ್ಟರು ಹೇಳಿದ ಹಾಗೇ ಬರೆದಿದ್ದರು. ಅವರಿಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಕ್ಕಿಲ್ಲ. ಅವರ ಮನೆಯಲ್ಲೂ ಆ ವಾರ ಮೂರನೇ ಜ್ವರವೇ. ಗುರುಗಳು ಪಾಪ, ಉತ್ತರದ ಜೋಳದ ನಾಡಿನವರು. ಹುಡುಗಿಗೆ ಮೂರನೇ ಸಲ ವಿಷಮಶೀತ ಮರುಕಳಿಸಿದೆ, ಮುಟ್ಟಿದರೆ ಅಂಟುತ್ತದೆ, ಇನ್ನು ಉಳಿಯುವುದು ಕಷ್ಟ ಎಂದು ಓದಿಕೊಂಡು ಮೊದಲ ಬಸ್ಸಿಗೇ ಹೊರಟು ಬಂದಿದ್ದರು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಮೂರನೇ ಅಧ್ಯಾಯ ಬರೆಯದವಳನ್ನು ನೋಡಲು ಮೂಸಂಬಿ ಹಿಡಿದುಕೊಂಡು ಅಷ್ಟು ದೂರ ಬಂದ ಮನುಷ್ಯನ ಮುಂದೆ ಇನ್ನೇನು ಮಾಡಲಿ?

ಅತ್ತೆ ಬಾಗಿಲಲ್ಲೇ ಅವರನ್ನು ತಡೆದರು. "ಕಾಲು ತೊಳ್ಕೊಳಿ ಸ್ವಾಮಿ. ಅದೇನದು ಕೈಯಾಗೆ?"

ಗುರುಗಳು ಗಾಬರಿಯಲ್ಲಿ ಒಂದು ಚಿಟಿಕೆ ನಶ್ಯ ಏರಿಸಲು ಡಬ್ಬಿ ತೆಗೆದಿದ್ದರು.

"ನಶ್ಯ ರೀ" ಎಂದರು.

"ಹೊಗೆಸೊಪ್ಪು ತಾನೇ? ಅದರ ವಾಸ್ನೆ ತಾಕಿದ್ರೆ ನಮ್ ಹುಳ ಸತ್ತೋಗ್ತವೆ. ಡಬ್ಬಿ ಆ ಜಗುಲಿ ಮೇಲಿಟ್ಟು, ಕೈ ಸೋಪು ಹಾಕಿ ತೊಳ್ಕೊಂಡು ಬನ್ನಿ."

ಎಂಥೆಂಥ ವಿದ್ವಾಂಸರನ್ನು ಒಂದೇ ಪ್ರಶ್ನೆಯಲ್ಲಿ ಕೂರಿಸುತ್ತಿದ್ದ ನನ್ನ ಗುರುಗಳು ಎರಡು ಸಲ ಸೋಪು ಹಾಕಿ ಕೈ ತೊಳೆದರು. ಅತ್ತೆ ಮೂಸಿ ನೋಡಿ ಒಳಗೆ ಬಿಟ್ಟರು.

ಹುಳುವಿನ ಮನೆಯಲ್ಲಿ ತಟ್ಟೆಗಳ ಮೇಲೆ ತಟ್ಟೆ. ಒಂದೊಂದರಲ್ಲೂ ನೂರಾರು ಹುಳು, ಎಲ್ಲವೂ ತಲೆ ಎತ್ತಿಕೊಂಡು ಸ್ತಬ್ಧ. ಗುರುಗಳು ಬಗ್ಗಿ ನೋಡಿ ಪಿಸುಗುಟ್ಟಿದರು, "ಸತ್ತಾವೇನ್ರಿ?"

"ಯಾಕ್ ಸಾಯ್ತವೆ? ಜ್ವರಕ್ಕೆ ಕೂತವೆ, ಮೂರನೇದು. ನೋಡೋಕೆ ಹಂಗೆ ಕೂತವೆ ಅಷ್ಟೆ, ಒಳಗೇ ಚರ್ಮ ಬದಲಾಯಿಸ್ತಾ ಇರ್ತವೆ. ಹಳೇದು ಚಿಕ್ಕದಾಗೋಗಿರ್ತದಲ್ಲ. ಈಗ ಸೊಪ್ಪು ಹಾಕಿದ್ರೆ ಕೊಳೀತದೆ, ಇವೂ ಕೆಡ್ತವೆ."

ಗುರುಗಳು ಜೇಬಿನ ಕಾರ್ಡು ತೆಗೆದು ಇನ್ನೊಮ್ಮೆ ಮೆಲ್ಲಗೆ ಓದಿದರು. ಅವರ ಹೊಟ್ಟೆ ಅಲುಗಾಡತೊಡಗಿತು. ಜೋರಾಗಿ ನಗಲು ಅಲ್ಲಿ ಅಪ್ಪಣೆಯಿರಲಿಲ್ಲ. ಬಾಯಿಗೆ ಪಂಚೆಯ ಚುಂಗು ಒತ್ತಿಕೊಂಡು ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು, "ಹಂಗಾರ ನನಗೂ ಇದ ಜ್ವರ ಬಿಡ್ರಿ ಅಮ್ಮಾರ. ನಂದೊಂದು ಪುಸ್ತಕ ಹನ್ನೆರಡು ವರ್ಷದಿಂದ ಹಿಂಗ ಕೂತದ" ಎಂದರು.

ಅತ್ತೆ ಯೋಚನೆ ಮಾಡಿದರು. "ಹನ್ನೆರಡು ವರ್ಷ ಯಾವ ಹುಳಾನೂ ಜ್ವರಕ್ಕೆ ಕೂರಲ್ಲ ಸ್ವಾಮಿ. ಅದು ಸುಣ್ಣಕಟ್ಟು. ತೆಗೆದು ಆಚೆ ಹಾಕಿ."

ಸುಣ್ಣಕಟ್ಟು ಎಂದರೆ ಹುಳು ಸತ್ತು ಸೀಮೆಸುಣ್ಣದ ಹಾಗೆ ಬಿಳಿಚಿ ಸೆಟೆಯುವ ರೋಗ. ನಾನು ನೆಲ ಬಿರಿಯಬಾರದೇ ಎಂದು ನಿಂತಿದ್ದೆ. ಗುರುಗಳು ಮಾತ್ರ ಗಂಭೀರವಾಗಿ ತಲೆಯಾಡಿಸಿದರು. ಊರಿಗೆ ಹೋದವರೇ ಆ ಹಸ್ತಪ್ರತಿಯನ್ನು ಹಳೆ ಪೇಪರಿನವನಿಗೆ ಹಾಕಿ ಬೇರೊಂದು ಬರೆಯಲು ಕೂತರೆಂದು ಆಮೇಲೆ ಅವರ ಮನೆಯವರು ಹೇಳಿದರು.

ಜಗುಲಿಯ ಮೇಲೆ ಕೂತು, ರಾಗಿ ಮುದ್ದೆ ಉಂಡು, ನನ್ನ ಕಾಯಿಲೆಗೆಂದು ತಂದ ಮೂಸಂಬಿಯನ್ನು ನಾವೇ ಮೂವರೂ ತಿಂದೆವು. ಆಗ ಗುರುಗಳು ಫೈಲು ಬಿಚ್ಚಿದರು. ಒಳಗಿದ್ದದ್ದು ಗಡುವು ವಿಸ್ತರಣೆಯ ಅರ್ಜಿ. ಎಲ್ಲ ಅವರೇ ತುಂಬಿಸಿಕೊಂಡು ಬಂದಿದ್ದರು. 'ವಿಳಂಬಕ್ಕೆ ಕಾರಣ' ಎಂಬಲ್ಲಿ ಪೆನ್ಸಿಲಿನಲ್ಲಿ 'ಜ್ವರ' ಎಂದಿತ್ತು. ಡಾಕ್ಟರ ಸರ್ಟಿಫಿಕೇಟು ಇಲ್ಲೇ ಮಾಡಿಸಿ ಲಗತ್ತಿಸುವುದೆಂದು ಅವರ ಯೋಜನೆ. ಅವರು ರಬ್ಬರಿನಿಂದ ಅದನ್ನು ಒರೆಸಿ, 'ಕ್ಷೇತ್ರಕಾರ್ಯ ಅಪೂರ್ಣ' ಎಂದು ಬರೆದು ನನ್ನ ಕೈಲಿ ಸಹಿ ಹಾಕಿಸಿದರು.

"ಏನಂತ ಬರೆದ್ರಿ?" ಎಂದರು ಅತ್ತೆ.

"ಊರೂರು ತಿರುಗೋದು ಇನ್ನೂ ಮುಗಿದಿಲ್ಲ ಅಂತ ರೀ."

"ಮುಗಿದೈತಲ್ಲ? ಜ್ವರ ಅಂತಾನೇ ಇದ್ದಿದ್ರೆ ಆಗ್ತಿತ್ತು. ಅದೇ ತಾನೇ ನಿಜ?"

"ನಿಜ ಖರೆ. ಆದ್ರ ಅಲ್ಲಿ ಕೂತವರಿಗೆ ಹುಳ ಗೊತ್ತಿಲ್ರಿ" ಎಂದರು ಗುರುಗಳು. ಅತ್ತೆಗೆ ಸಮಾಧಾನವಾಗಲಿಲ್ಲ. ಅಷ್ಟು ಓದಿದವರು ಅಷ್ಟು ಸಣ್ಣ ಸುಳ್ಳು ಬರೆದರಲ್ಲ ಎಂದು ಅವರು ಬಹಳ ದಿನ ಆಡಿಕೊಂಡರು.

ಹೊರಡುವಾಗ ಗುರುಗಳು ಮೂರನೇ ಅಧ್ಯಾಯದ ಮಾತೆತ್ತಲಿಲ್ಲ. ನಶ್ಯದ ಡಬ್ಬಿ ತೆಗೆದುಕೊಂಡು, "ಒಂದು ವರ್ಷ ಐತಿ. ಎದ್ದ ಮ್ಯಾಲೆ ಹೇಳು" ಎಂದಷ್ಟೇ ಅಂದರು.

ಮರುದಿನ ಹುಳು ಎದ್ದವು. ಮೊದಲು ಎದ್ದವು ಮೇವಿಗೆ ತಡಕಾಡುತ್ತಿದ್ದವು. ಕೊನೆಯವು ಏಳುವ ತನಕ ಅತ್ತೆ ಸೊಪ್ಪು ಹಾಕುತ್ತಿರಲಿಲ್ಲ. ಅವರ ಜೊತೆ ಕಾಯುತ್ತಾ ಕೂತಿದ್ದಾಗ ಸುಮ್ಮನೆ ಕೇಳಿದೆ, "ಅತ್ತೆ, ಕಾಗದಕ್ಕೆ ತೆಲುಗಲ್ಲಿ ಏನಂತಾರೆ?"

"ಕಾಗಿತಂ. ಯಾಕೆ?"

ಯಾಕೋ ನನಗೂ ಗೊತ್ತಿಲ್ಲ. ಎಂಟು ತಿಂಗಳು ನಾನು ಪ್ರಶ್ನೆಯ ಭಾಷೆ ನೋಡಿ ಡಬ್ಬಿಗೆ ಹಾಕುತ್ತಿದ್ದೆ. ಒಗಟಿಗೆ ಒಂದು ಉತ್ತರವೂ ಇರುತ್ತದಲ್ಲ. ಹೆಸರು ಎರಡಾದರೂ ಕೈಲಿ ಹಿಡಿಯುವ ಕಾಗದಕ್ಕೆ ಕನ್ನಡವೂ ಇಲ್ಲ, ತೆಲುಗೂ ಇಲ್ಲ. ಹೋಗಿ ಎರಡು ಡಬ್ಬಿಯನ್ನೂ ಚಾಪೆಯ ಮೇಲೆ ಸುರಿದೆ. ಉತ್ತರ ನೋಡಿ ಗುಡ್ಡೆ ಹಾಕಿದೆ: ಅಡುಗೆಮನೆಯವು, ಹೊಲದವು, ಮೈಯವು, ಆಕಾಶದವು. ಕತ್ತರಿಸಿದ ಚೀಟಿಯ ಎರಡು ಅರ್ಧಗಳು ಒಂದೇ ಗುಡ್ಡೆಗೆ ಬಿದ್ದವು. ಆಮೇಲಿನ ನನ್ನ ಹಸಿವು ನೋಡಬೇಕಿತ್ತು. ಮೂರನೇದು, ನಾಲ್ಕನೇದು, ಐದನೇದು. ಕಾಲೇಜಿನಲ್ಲಿ ಬರೆದೆ, ಅಪ್ಪನ ಬಸ್ಸಿನ ಹಿಂದಿನ ಸೀಟಿನಲ್ಲಿ ಬರೆದೆ, ಸೊಪ್ಪು ಕೊಯ್ಯುವ ನಡುವೆ ಬದುವಿನ ಮೇಲೆ ಬರೆದೆ. ಅತ್ತೆ ನೋಡಿದವರಿಗೆಲ್ಲ ಗೂಡು ಕಟ್ಟಲು ಸಿದ್ಧವಾದ ಹುಳುವಿಗೆ ಹೇಳುವ ಹಾಗೆ "ಹಣ್ಣಾಗವ್ಳೆ" ಎಂದು ಹೇಳಿಕೊಂಡು ತಿರುಗಿದರು.

ತೊಂಬತ್ತರ ದಶಕ ಸಾಕಷ್ಟು ನಡೆದಿದ್ದ ಒಂದು ಬೇಸಿಗೆಯಲ್ಲಿ ಮೌಖಿಕ ಪರೀಕ್ಷೆ ಮುಗಿಸಿ, ರೆಕ್ಸಿನ್ ರಟ್ಟಿನ ಪ್ರಬಂಧ ಹಿಡಿದು ಮನೆಗೆ ಬಂದೆ. ಅಪ್ಪನೂ ಅವತ್ತು ಡ್ಯೂಟಿ ಬಿಟ್ಟು ಮನೆಯಲ್ಲಿದ್ದರು. ಅತ್ತೆಯ ಕೈಗೆ ಪುಸ್ತಕ ಕೊಟ್ಟೆ. ಅವರು ಅದನ್ನು ಬಿಡಿಸಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು, ಎರಡು ಕೈಯಲ್ಲಿ ತೂಗಿದರು. ಆಮೇಲೆ ಗೂಡು ಗಟ್ಟಿಯಾಗಿದೆಯೋ ಎಂದು ನೋಡಲು ಮಾಡುವ ಹಾಗೆ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಒಳಗೆ ಹುಳು ಪೂರಾ ಕಟ್ಟಿ ಮುಗಿಸಿದ್ದರೆ ಲೊಟಲೊಟ ಎನ್ನಬೇಕು.

"ಸದ್ದು ಬರ್ತೈತಾ ಅತ್ತೆ?" ಎಂದೆ.

"ಇರು, ಕೇಳ್ತಾ ಇದೀನಿ" ಎಂದರು. ಕಣ್ಣು ಮುಚ್ಚಿಕೊಂಡಿದ್ದರು. ತುಂಬಾ ಹೊತ್ತು ಹಾಗೇ ಕೇಳಿದರು. ಕಣ್ಣಲ್ಲಿ ನೀರು ಇಳಿದಾಗಲೂ ಪುಸ್ತಕವನ್ನು ಕಿವಿಯಿಂದ ತೆಗೆಯಲಿಲ್ಲ.

ಅಪ್ಪ ಅಷ್ಟು ವರ್ಷ ಗೋಡೆಗೆ ಸಿಕ್ಕಿಸಿಯೇ ಇಟ್ಟಿದ್ದ ಆ ಕ್ಯಾಲೆಂಡರಿನ ಹಾಳೆ ಇಳಿಸಿದರು. ಕಿವಿಯ ಸಂದಿನಿಂದ ತಮ್ಮ ಕೆಂಪು ಪೆನ್ಸಿಲು ತೆಗೆದು, ಗೌರಿಬಿದನೂರಿನ ಮುಂದೆ ಆ ದಿನದ ತಾರೀಖು ಹಾಕಿದರು. ಬೆರಳು ಮಡಿಸಿ ಎಣಿಸಿ 'ತಡ'ದ ಖಾನೆ ತುಂಬಿದರು. ಪಕ್ಕದ ಖಾನೆಗೆ ಬಂದಾಗ ಅತ್ತೆಯ ಮುಖ ನೋಡಿದರು.

"ಸರಿಯಾಗಿ ಬರಿ ನಾರಾಯಣ" ಎಂದರು ಅತ್ತೆ.

ಅದೇ ಹಾಳೆ ಈಗ ನನ್ನ ತೊಡೆಯ ಮೇಲಿದೆ. ಕೆಂಪು ಇನ್ನೂ ಮಾಸಿಲ್ಲ. ತಡ: ಮೂರು ವರ್ಷ. ಕಾರಣ: ಜ್ವರ.